ಪೇಪರಲ್ಲಿ ಬಂದಿದೆ ಡಾಕ್ಟ್ರೇ, ನಿಜಾನಾ?

ಈ ತಿಂಗಳು ನಿಮ್ಮ ಪತ್ರಗಳ ಜೊತೆ ಪೇಪರ್ ಕಟಿಂಗ್‌ಗಳೂ ಬಂದಿವೆ. ಒಬ್ಬರಂತೂ ವಾಟ್ಸಾಪ್‌ಗೆ ಬಂದ ಸುದ್ದಿಯನ್ನು ಇನ್‌ಲ್ಯಾಂಡ್ ಲೆಟರಿನಲ್ಲಿ ಕೈಯಾರೆ ಬರೆದು, ಕೊನೆಗಿದ್ದ ‘ತಪ್ಪದೆ ಹತ್ತು ಜನಕ್ಕೆ ಕಳಿಸಿ’ ಅನ್ನುವುದನ್ನೂ ಬಿಡದೆ ನಕಲು ಮಾಡಿದ್ದಾರೆ. ‘ಸಂಶೋಧನೆಯಿಂದ ಸಾಬೀತಾಗಿದೆ’ ಅಂತ ಎಲ್ಲದರಲ್ಲೂ ಇದೆ. ಯಾರ ಮೇಲೆ ಸಂಶೋಧನೆ ಮಾಡಿದ್ದು ಅಂತ ಒಂದರಲ್ಲೂ ಇಲ್ಲ. ನಾನು ಮೊದಲು ಹುಡುಕುವುದು ಅದನ್ನೇ. ಹಾಗೆ ಹುಡುಕುವುದನ್ನು ನಾನೂ ತಡವಾಗಿ ಕಲಿತೆ. ಅದರ ಕಥೆ ಮೂರನೇ ಉತ್ತರದಲ್ಲಿದೆ.

ಪ್ರಶ್ನೆ: ನನಗೆ 52. ಶುಗರ್ ಬಂದ ಮೇಲೆ ಅನ್ನ ಬಿಟ್ಟು ಎರಡು ಹೊತ್ತೂ ರಾಗಿಮುದ್ದೆ ಮಾಡಿಕೊಂಡಿದ್ದೇನೆ. ಈಗ ನೋಡಿದರೆ ಅಕ್ಕಿ ಬಿಟ್ಟು ಸಿರಿಧಾನ್ಯಕ್ಕೆ ಹೋದರೂ ಪ್ರಯೋಜನ ಇಲ್ಲ ಅಂತ ಪೇಪರಲ್ಲಿ ಬಂದಿದೆ. ಮನೆಯಲ್ಲಿ ಎಲ್ಲರೂ ನಗುತ್ತಿದ್ದಾರೆ. (ತೆಂಗಿನ ತೋಟದವರು, ತಿಪಟೂರು)

ಉತ್ತರ: ನಗುವವರು ಹೆಡ್ಡಿಂಗ್ ಮಾತ್ರ ಓದಿದ್ದಾರೆ ಬಿಡಿ. ಅದು ಚೆನ್ನೈನ ಮದ್ರಾಸ್ ಡಯಾಬಿಟಿಸ್ ರಿಸರ್ಚ್ ಫೌಂಡೇಶನ್ ಮತ್ತು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಸೇರಿ ಮಾಡಿದ ಸಮೀಕ್ಷೆ. 2025ರಲ್ಲಿ ‘ನೇಚರ್ ಮೆಡಿಸಿನ್’ ಪತ್ರಿಕೆಯಲ್ಲಿ ಬಂತು. ದೇಶದ ಬೇರೆ ಬೇರೆ ಕಡೆಯ 18,090 ಜನರನ್ನು ಏನು ತಿನ್ನುತ್ತೀರಿ, ಎಷ್ಟು ತಿನ್ನುತ್ತೀರಿ ಅಂತ ಕೇಳಿ, ರಕ್ತ ಪರೀಕ್ಷೆಯ ಜೊತೆ ಹೋಲಿಸಿ ನೋಡಿದರು. ನಮ್ಮ ಜನಕ್ಕೆ ಊಟದಿಂದ ಸಿಗುವ ಶಕ್ತಿಯಲ್ಲಿ ನೂರಕ್ಕೆ 62 ಪಾಲು ಕಾರ್ಬೋಹೈಡ್ರೇಟಿನಿಂದಲೇ ಬರುತ್ತದೆ ಅಂತ ಗೊತ್ತಾಯಿತು. ಅದು ತುಂಬಾ ಜಾಸ್ತಿ. ಅಕ್ಕಿಯ ಬದಲು ಗೋಧಿ ಹಿಟ್ಟು, ಸಿರಿಧಾನ್ಯದ ಹಿಟ್ಟು ತಿಂದರೂ ಒಟ್ಟು ಕಾರ್ಬೋಹೈಡ್ರೇಟ್ ಅಷ್ಟೇ ಇದ್ದರೆ ಶುಗರಿನ ಅಪಾಯ ಕಮ್ಮಿ ಆದಂತೆ ಕಾಣಲಿಲ್ಲ. ಅದೇ ಕಾರ್ಬೋಹೈಡ್ರೇಟಿನಲ್ಲಿ ಒಂದಿಷ್ಟು ತೆಗೆದು, ಆ ಜಾಗಕ್ಕೆ ಬೇಳೆಕಾಳು, ಹಾಲು ಮೊಸರು, ಮೊಟ್ಟೆ ಅಥವಾ ಮೀನು ಬಂದರೆ ಅಪಾಯ ಕಮ್ಮಿ ಅಂತ ಲೆಕ್ಕ ಹೇಳಿತು.

ನಿಮ್ಮ ಮುದ್ದೆಗೆ ಇದನ್ನು ಹೊಂದಿಸಿ ನೋಡೋಣ. ನಮ್ಮ ಮನೆಯಲ್ಲಿ ಒಂದು ಭಾನುವಾರ ಅಡುಗೆಮನೆ ತಕ್ಕಡಿ ಇಟ್ಟುಕೊಂಡು ಕೂತೆ. ನಮ್ಮತ್ತೆ ಕಟ್ಟುವ ಒಂದು ಮುದ್ದೆಗೆ 110 ಗ್ರಾಂ ಹಿಟ್ಟು ಹೋಗುತ್ತದೆ. ಅಂದರೆ ಸುಮಾರು 350 ಕ್ಯಾಲೊರಿ, 70 ಗ್ರಾಂ ದಾಟಿ ಕಾರ್ಬೋಹೈಡ್ರೇಟ್. ನೀವು ಹೊತ್ತಿಗೆ ಎರಡು ಮುದ್ದೆ ಇಳಿಸುವವರು ಅಂತ ಪತ್ರದ ಕೊನೆಯಲ್ಲಿ ಬರೆದಿದ್ದೀರಿ. ಅನ್ನ ಬಿಟ್ಟಿರಿ ನಿಜ, ಆದರೆ ಹಿಟ್ಟು ಕಮ್ಮಿ ಆಗಲಿಲ್ಲ.

ಹಾಗಂತ ರಾಗಿ ಮತ್ತು ಬಿಳಿ ಅಕ್ಕಿ ಒಂದೇ ಅಂತ ಹೇಳುತ್ತಿಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಪಟ್ಟಿ ನನ್ನ ಮೇಜಿನ ಮೇಲೇ ಇರುತ್ತದೆ. 100 ಗ್ರಾಂ ರಾಗಿಯಲ್ಲಿ ನಾರು ಸುಮಾರು 11 ಗ್ರಾಂ, ಬಿಳಿ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. ಕ್ಯಾಲ್ಸಿಯಂ ರಾಗಿಯಲ್ಲಿ 364 ಮಿಲಿಗ್ರಾಂ, ಅಕ್ಕಿಯಲ್ಲಿ ಏಳೆಂಟು. ಆದರೆ ಪ್ರೋಟೀನ್ ಎರಡರಲ್ಲೂ ಹೆಚ್ಚೂಕಮ್ಮಿ ಏಳೆಂಟು ಗ್ರಾಂ ಅಷ್ಟೇ. ನಮ್ಮ ಹಿರಿಯರು ಮುದ್ದೆ ಜೊತೆ ಹುರಳಿಕಾಳು, ಅವರೆಕಾಳು, ಮೊಳಕೆ ಕಾಳಿನ ಸಾರು ಇಟ್ಟುಕೊಂಡಿದ್ದು ಸುಮ್ನೆ ಅಲ್ಲ. ಈಗ ಆಗಿರುವುದು ಏನೆಂದರೆ, ಸಾರು ಬಡಿಸುವಾಗ ಸೌಟು ಮೇಲಿನ ತಿಳಿಯಲ್ಲೇ ಓಡಾಡುತ್ತದೆ. ಕಾಳು ಪಾತ್ರೆಯ ತಳದಲ್ಲಿ ಹಾಗೇ ಕೂತಿರುತ್ತದೆ.

ಮುದ್ದೆ ಬಿಡಬೇಡಿ. ಎರಡನ್ನು ಒಂದು ಮಾಡಿ. ಸೌಟನ್ನು ತಳಕ್ಕೆ ಹಾಕಿಸಿ, ಎರಡು ಸೌಟು ಗಟ್ಟಿ ಕಾಳು, ಪಕ್ಕಕ್ಕೆ ಸೊಪ್ಪು, ಒಂದು ಲೋಟ ಮಜ್ಜಿಗೆ. ಒಂದು ಎಚ್ಚರ. ನೀವು ಶುಗರ್ ಮಾತ್ರೆ ತಗೊಳ್ಳುತ್ತಿದ್ದರೆ, ಊಟ ದಿಢೀರನೆ ಅರ್ಧ ಮಾಡಿದ ದಿನ ತಲೆ ಸುತ್ತಿ ಬೆವರಬಹುದು. ನಿಮ್ಮ ಡಾಕ್ಟರಿಗೆ ಮೊದಲೇ ಹೇಳಿ, ಮಾತ್ರೆ ಹೊಂದಿಸಿಕೊಳ್ಳಿ. ಇನ್ನೊಂದು ಮಾತು: ಅದು ಒಂದು ಸಲ ಹೋಗಿ ಕೇಳಿಕೊಂಡು ಬಂದ ಸಮೀಕ್ಷೆ. ಒಂದು ಗುಂಪಿಗೆ ಮುದ್ದೆ, ಇನ್ನೊಂದು ಗುಂಪಿಗೆ ಅನ್ನ ಹಾಕಿ ವರ್ಷಗಟ್ಟಲೆ ಕಾದು ನೋಡಿದ್ದಲ್ಲ. ಹಾಗಾಗಿ ನಿಮ್ಮ ಮೂರು ತಿಂಗಳ ಶುಗರ್ ರಿಪೋರ್ಟ್, ಅದೇ ಎಚ್‌ಬಿಎ1ಸಿ, ಏನು ಹೇಳುತ್ತದೋ ಅದಕ್ಕೇ ಬೆಲೆ ಜಾಸ್ತಿ. ಅದನ್ನು ಬರೆದು ಕಳಿಸಿಲ್ಲ ನೀವು.

ಪ್ರಶ್ನೆ: ಮಗ ಕೈಗೆ ವಾಚು ಕಟ್ಟಿದ್ದಾನೆ. ದಿನಕ್ಕೆ 10,000 ಹೆಜ್ಜೆ ಆಗದಿದ್ದರೆ ಅದು ಬೈಯುತ್ತದೆ. 66ಕ್ಕೆ ಇದೆಲ್ಲಾ ಬೇಕಾ? (ನಿವೃತ್ತ ಮೇಷ್ಟ್ರು, ಕಡೂರು)

ಉತ್ತರ: ಮೇಷ್ಟ್ರೇ, ಆ 10,000 ಯಾವ ಡಾಕ್ಟರೂ ಹೇಳಿದ್ದಲ್ಲ. 1965ರ ಸುಮಾರಿಗೆ ಜಪಾನಿನ ಒಂದು ಕಂಪನಿ ಹೆಜ್ಜೆ ಎಣಿಸುವ ಯಂತ್ರ ಮಾರಲು ‘ಹತ್ತು ಸಾವಿರ ಹೆಜ್ಜೆಯ ಮೀಟರು’ ಅಂತ ಹೆಸರಿಟ್ಟಿತು. ಆ ಹೆಸರೇ ನಿಯಮ ಆಗಿ ಕೂತಿದೆ. 2025ರಲ್ಲಿ ‘ಲ್ಯಾನ್ಸೆಟ್ ಪಬ್ಲಿಕ್ ಹೆಲ್ತ್’ನಲ್ಲಿ 57 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ದಿನಕ್ಕೆ 2,000 ಹೆಜ್ಜೆ ನಡೆಯುವವರಿಗಿಂತ 7,000 ನಡೆಯುವವರಲ್ಲಿ ಸಾವಿನ ಅಪಾಯ ನೂರಕ್ಕೆ 47 ಪಾಲು ಕಮ್ಮಿ ಇತ್ತು. ಅಲ್ಲಿಂದ ಆಚೆಗೆ ಸಿಗುವ ಲಾಭ ಸಣ್ಣದು. ಕಾಲು ಗಟ್ಟಿ ಇರುವವರೇ ಜಾಸ್ತಿ ನಡೆಯುತ್ತಾರೆ ಅನ್ನುವುದೂ ಇದೆ ಅಲ್ವಾ, ಅದಕ್ಕೆ ಆ 47ನ್ನು ಪೂರ್ತಿ ನಡಿಗೆಯ ಲೆಕ್ಕಕ್ಕೇ ಬರೆಯಬೇಡಿ. ವಾಚಿನಲ್ಲಿ 7,000ಕ್ಕೆ ಗುರಿ ಇಳಿಸಲು ಮಗನಿಗೆ ಹೇಳಿ.

ಪ್ರಶ್ನೆ: ನಮ್ಮ ತಂದೆಗೆ 75. ಬಿಪಿ, ಶುಗರ್ ಏನೂ ಇಲ್ಲ. ಹತ್ತು ವರ್ಷದಿಂದ ರಾತ್ರಿ ಒಂದು ಆಸ್ಪಿರಿನ್ ನುಂಗುತ್ತಾರೆ, ‘ಹಾರ್ಟಿಗೆ ಒಳ್ಳೇದು’ ಅಂತ. ಬೇಡ ಅಂತ ಈಗ ಹೇಳುತ್ತಿದ್ದಾರಲ್ಲ? (ಬ್ಯಾಂಕ್ ಉದ್ಯೋಗಿ, ಹಾಸನ)

ಉತ್ತರ: ಆ ‘ಹಾರ್ಟಿಗೆ ಒಳ್ಳೇದು’ ಅಂತ ಹೇಳಿಕೊಂಡು ಓಡಾಡಿದವರಲ್ಲಿ ನಾನೂ ಒಬ್ಬಳು.

ನಾನು ಓದುವಾಗ ಒಂದು ದೊಡ್ಡ ಅಧ್ಯಯನವನ್ನು ಬಾಯಿಪಾಠ ಮಾಡಿಸಿದ್ದರು. 1989ರಲ್ಲಿ ಅಮೆರಿಕದಿಂದ ಬಂದಿದ್ದು. ದಿನ ಬಿಟ್ಟು ದಿನ ಆಸ್ಪಿರಿನ್ ತಗೊಂಡವರಲ್ಲಿ ಹಾರ್ಟ್ ಅಟ್ಯಾಕ್ ನೂರಕ್ಕೆ 44 ಪಾಲು ಕಮ್ಮಿ. ಇಷ್ಟು ಸಾಕಾಯಿತು ನಮಗೆ. ಭಾಗವಹಿಸಿದ 22,071 ಜನರೂ ಗಂಡು ಡಾಕ್ಟರುಗಳು ಅನ್ನುವುದನ್ನು ಪರೀಕ್ಷೆಗೆ ಬರೆದೆ, ಆಮೇಲೆ ಮರೆತೆ. ಅರಸೀಕೆರೆಯಲ್ಲಿ ನನ್ನ ಎದುರು ಕೂತಿದ್ದವರು ಬೇರೆಯೇ ಜನ. ವಯಸ್ಸಾದವರು, ಊಟ ಹೊತ್ತಿಗೆ ಸರಿಯಾಗಿ ಮಾಡದವರು, ಮಂಡಿ ನೋವಿಗೆ ಅಂಗಡಿಯಿಂದ ತಾವೇ ಮಾತ್ರೆ ತಂದು ನುಂಗುವವರು.

2011ರಲ್ಲಿ ಒಬ್ಬರು ನಿವೃತ್ತ ಪೋಸ್ಟ್‌ಮಾಸ್ಟರು, 74 ವರ್ಷ, ಕಲ್ಲುಗುಂಡಿನ ಹಾಗೆ ಇದ್ದವರು. ಕಾಯಿಲೆ ಏನೂ ಇರಲಿಲ್ಲ. ‘ಮುಂಜಾಗ್ರತೆಗೆ ಇರಲಿ’ ಅಂತ ನಾನೇ ಆಸ್ಪಿರಿನ್ ಬರೆದುಕೊಟ್ಟೆ. ಎಂಟು ತಿಂಗಳ ಮೇಲೆ ಮಗಳ ಭುಜ ಹಿಡಿದುಕೊಂಡು ಬಂದರು. ಕಣ್ಣಿನ ಒಳರೆಪ್ಪೆ ಎಳೆದು ನೋಡಿದರೆ ಕಾಗದದ ಹಾಗೆ ಬಿಳಿ. ಮಲ ಡಾಂಬರಿನ ಹಾಗೆ ಕಪ್ಪಗೆ ಹೋಗುತ್ತಿದೆ, ಹದಿನೈದು ದಿನ ಆಯಿತು, ಹೇಳಲು ನಾಚಿಕೆ ಆಯಿತು ಅಂದರು. ಹಿಮೋಗ್ಲೋಬಿನ್ 6. ಹೊಟ್ಟೆಯೊಳಗೆ ಹುಣ್ಣಾಗಿ ರಕ್ತ ಸೋರುತ್ತಿತ್ತು. ಹಾಸನಕ್ಕೆ ಕಳಿಸಿ, ರಕ್ತ ಹಾಕಿಸಿ ಉಳಿದುಕೊಂಡರು. ವಾಪಸ್ ಬಂದ ಮೇಲೆ ನನಗೆ ಎಳನೀರಿನ ಗೊನೆ ತಂದುಕೊಟ್ಟರು. ಬೈದಿದ್ದರೆ ವಾಸಿಯಿತ್ತು.

2018ರಲ್ಲಿ ಆಸ್ಪ್ರೀ ಅನ್ನುವ ಅಧ್ಯಯನದ ಫಲಿತಾಂಶ ಬಂತು. ಆಸ್ಟ್ರೇಲಿಯಾ ಮತ್ತು ಅಮೆರಿಕದ 19,114 ಜನ. ಹೆಚ್ಚಿನವರು 70 ದಾಟಿದವರು, ಹೃದಯದ ಕಾಯಿಲೆ ಇಲ್ಲದವರು. ಅಂದರೆ ನಿಮ್ಮ ತಂದೆಯಂಥವರೇ. ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ, ಒಂದಕ್ಕೆ 100 ಮಿಲಿಗ್ರಾಂ ಆಸ್ಪಿರಿನ್, ಇನ್ನೊಂದಕ್ಕೆ ಔಷಧಿ ಇಲ್ಲದ ಹುಸಿ ಮಾತ್ರೆ. ಐದು ವರ್ಷದ ಹತ್ತಿರ ನೋಡಿದರು. ಆಸ್ಪಿರಿನ್ ತಗೊಂಡವರು ಜಾಸ್ತಿ ದಿನ ಗಟ್ಟಿಯಾಗಿ ಬಾಳಲಿಲ್ಲ. ರಕ್ತಸ್ರಾವ ಮಾತ್ರ ಜಾಸ್ತಿ ಆಯಿತು. ವರ್ಷಕ್ಕೆ ಸಾವಿರ ಜನದಲ್ಲಿ 6.2 ಇದ್ದದ್ದು 8.6ಕ್ಕೆ ಹೋಯಿತು. ಸಾವಿರಕ್ಕೆ ಎರಡು ಮೂರು ಜನ ಜಾಸ್ತಿ, ಏನು ಮಹಾ ಅನ್ನಿಸಬಹುದು. ಆ ಎರಡು ಮೂರರಲ್ಲಿ ಒಬ್ಬರು ಪೋಸ್ಟ್‌ಮಾಸ್ಟರು.

ನಿಮ್ಮ ತಂದೆಯ ಮಾತ್ರೆ ನಿಲ್ಲಿಸುವ ಮಾತನ್ನು ಅವರ ಡಾಕ್ಟರ ಹತ್ತಿರ ಈ ವಾರವೇ ಆಡಿ. ಆದರೆ ಇದನ್ನು ಓದುತ್ತಿರುವ ಬೇರೆಯವರು ಕೇಳಿ. ಸ್ಟೆಂಟ್ ಹಾಕಿಸಿಕೊಂಡವರು, ಬೈಪಾಸ್ ಆದವರು, ಒಮ್ಮೆ ಹಾರ್ಟ್ ಅಟ್ಯಾಕ್ ಆದವರು, ರಕ್ತ ಹೆಪ್ಪುಗಟ್ಟಿ ಲಕ್ವ ಹೊಡೆದವರು ಆಸ್ಪಿರಿನ್ ಬಿಡುವ ಹಾಗಿಲ್ಲ. ಈ ಅಧ್ಯಯನ ನಿಮ್ಮದಲ್ಲ.

ಪ್ರಶ್ನೆ: ಸರ್ಪಸುತ್ತಿನ ಲಸಿಕೆ ಹಾಕಿಸಿಕೊಂಡರೆ ಮರೆವಿನ ಕಾಯಿಲೆ ಬರುವುದಿಲ್ಲವಂತೆ. ಅತ್ತೆಗೆ ಅರಳು ಮರಳು ಬಂದು ಆರು ವರ್ಷ ನೋಡಿಕೊಂಡೆ. ನನಗೆ ಈಗ 61, ಹೆದರಿಕೆ ಆಗುತ್ತದೆ. ಲಸಿಕೆ ಹಾಕಿಸಲಾ? (ಗೃಹಿಣಿ, ದಾವಣಗೆರೆ)

ಉತ್ತರ: ಇತ್ತೀಚೆಗೆ ಓದಿದ ಸಂಶೋಧನೆಗಳಲ್ಲಿ ನನಗೆ ಜಾಸ್ತಿ ಖುಷಿ ಕೊಟ್ಟಿದ್ದು ಇದು. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಮೊದಲು ಸರ್ಪಸುತ್ತು. ಚಿಕ್ಕಂದಿನಲ್ಲಿ ‘ಅಮ್ಮ’ ಆಗಿರುತ್ತದಲ್ಲ, ಸೀತಾಳೆ ಸಿಡುಬು, ಅದರ ವೈರಸ್ ವಾಸಿಯಾದ ಮೇಲೂ ನರದ ಬೇರಿನಲ್ಲಿ ಅಡಗಿ ಕೂತಿರುತ್ತದೆ. ವಯಸ್ಸಾಗಿ ಮೈಯ ತ್ರಾಣ ಕುಗ್ಗಿದಾಗ ಎದ್ದು ಒಂದು ನರದ ಗುಂಟ ಬೊಕ್ಕೆ ಬರಿಸುತ್ತದೆ. ಅದಕ್ಕೇ ಸೊಂಟದ ಅಥವಾ ಎದೆಯ ಒಂದೇ ಬದಿಗೆ ಪಟ್ಟಿ ಹಾಗೆ ಏಳುವುದು. ಹೆಡೆ ಬಾಲ ಸೇರಿದರೆ ಸಾವು ಅನ್ನುವುದು ಸುಳ್ಳು. ಕೆಮ್ಮಣ್ಣು ಬಳಿದುಕೊಂಡು ಒಂದು ವಾರ ಕಳೆದು ಬರಬೇಡಿ. ಬೊಕ್ಕೆ ಎದ್ದ ಮೂರು ದಿನದ ಒಳಗೆ ಮಾತ್ರೆ ಶುರುವಾದರೆ ಒಳ್ಳೆಯದು.

ಈಗ ವೇಲ್ಸ್ ದೇಶದ ಕಥೆ. ಅಲ್ಲಿ 2013ರ ಸೆಪ್ಟೆಂಬರ್ 1ರಿಂದ ಸರ್ಪಸುತ್ತಿನ ಲಸಿಕೆ ಕೊಡಲು ಶುರು ಮಾಡಿದರು. ಒಂದು ಗೆರೆ ಎಳೆದರು. 1933ರ ಸೆಪ್ಟೆಂಬರ್ 2 ಅಥವಾ ಆಮೇಲೆ ಹುಟ್ಟಿದವರಿಗೆ ಲಸಿಕೆ ಉಂಟು. ಒಂದು ದಿನ ಮೊದಲು ಹುಟ್ಟಿದ್ದರೂ ಇಲ್ಲ, ಯಾವತ್ತೂ ಇಲ್ಲ. ಆ ತಾರೀಖಿನ ಈಚೆ ವಾರ ಹುಟ್ಟಿದವರು, ಆಚೆ ವಾರ ಹುಟ್ಟಿದವರು ಇಬ್ಬರ ಊಟ, ಓದು, ದುಡ್ಡು, ಅಭ್ಯಾಸ ಎಲ್ಲಾ ಒಂದೇ ತರಹ. ಲಸಿಕೆ ಒಂದೇ ವ್ಯತ್ಯಾಸ. ಸರ್ಕಾರ ಗೊತ್ತಿಲ್ಲದೆ ಚೀಟಿ ಎತ್ತಿತ್ತು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಪಾಸ್ಕಲ್ ಗೆಲ್ಡ್‌ಸೆಟ್ಜರ್ ಮತ್ತು ಜೊತೆಯವರು 2,80,000ಕ್ಕೂ ಹೆಚ್ಚು ಜನರ ದಾಖಲೆ ತೆಗೆದು ಏಳು ವರ್ಷದ ಲೆಕ್ಕ ನೋಡಿದರು. ಲಸಿಕೆ ತಗೊಂಡವರಲ್ಲಿ ಮರೆವಿನ ಕಾಯಿಲೆ ಐದರಲ್ಲಿ ಒಂದು ಪಾಲು ಕಮ್ಮಿ. ಗಂಡಸರಿಗಿಂತ ಹೆಂಗಸರಲ್ಲಿ ಪರಿಣಾಮ ಜಾಸ್ತಿ ಕಂಡಿತು. 2025ರಲ್ಲಿ ‘ನೇಚರ್’ನಲ್ಲಿ ಅಚ್ಚಾಯಿತು. ಆಸ್ಟ್ರೇಲಿಯಾದ ದಾಖಲೆಗಳಲ್ಲೂ ಇಂಥದ್ದೇ ಕಂಡಿದೆ.

ಇದನ್ನು ನಮ್ಮೂರಲ್ಲಿ ಮಾಡಲು ಹೋಗಿದ್ದರೆ ಕೆಟ್ಟು ಕೂರುತ್ತಿತ್ತು. ನನ್ನ ರೋಗಿಗಳಲ್ಲಿ ಅರುವತ್ತು ದಾಟಿದವರ ಆಧಾರ್ ಕಾರ್ಡ್ ನೋಡಿ, ಅರ್ಧ ಊರು ಜೂನ್ 1ಕ್ಕೆ ಹುಟ್ಟಿದೆ. ಸ್ಕೂಲಿಗೆ ಸೇರಿಸುವಾಗ ಹೆಡ್‌ಮೇಷ್ಟ್ರು ಬರೆದುಕೊಂಡ ತಾರೀಖು ಅದು.

‘ಬರುವುದಿಲ್ಲ’ ಅನ್ನುವುದು ತಪ್ಪು. ಐದಕ್ಕೆ ಒಂದು ಕಮ್ಮಿ ಅಂದರೆ ಉಳಿದ ನಾಲ್ಕು ಹಾಗೇ ಇವೆ. ವೇಲ್ಸಿನವರಿಗೆ ಸಿಕ್ಕಿದ್ದು ಹಳೆಯ, ಜೀವ ಇರುವ ವೈರಸ್ಸಿನ ಲಸಿಕೆ. 2023ರಿಂದ ನಮ್ಮ ದೇಶದಲ್ಲಿ ಸಿಗುತ್ತಿರುವ ಹೊಸ ಲಸಿಕೆ ಬೇರೆ ತರಹದ್ದು, ಎರಡು ಸೂಜಿ, ಅಗ್ಗದ್ದಲ್ಲ. ಎರಡೂ ಸೇರಿ ಹತ್ತು ಸಾವಿರ ರೂಪಾಯಿ ದಾಟುತ್ತದೆ. 50 ದಾಟಿದವರಿಗೆ ಸರ್ಪಸುತ್ತು ತಡೆಯುವುದರಲ್ಲಿ ಅದು ತುಂಬಾ ಚೆನ್ನಾಗಿ ಕೆಲಸ ಮಾಡುತ್ತದೆ. ಬೊಕ್ಕೆ ಒಣಗಿದ ಮೇಲೂ ವರ್ಷಗಟ್ಟಲೆ ಉರಿಯುವ ಆ ನರದ ನೋವು ಕಂಡವಳು ನಾನು. ರವಿಕೆ ತಾಗಿದರೂ ಅಳುತ್ತಾರೆ. ದುಡ್ಡು ಇದ್ದರೆ ಆ ನೋವಿಗೆ ಹೆದರಿ ಹಾಕಿಸಿಕೊಳ್ಳಿ. ಮರೆವಿನದು ಕೊಸರು ಅಂದುಕೊಳ್ಳಿ. ಇನ್ನೊಂದು ಸಮಾಧಾನ: ಕಾಯಿಲೆ ಬಂದದ್ದು ನಿಮ್ಮ ಅತ್ತೆಗೆ. ನಿಮ್ಮದು ಅವರ ರಕ್ತ ಅಲ್ಲ.

ಪ್ರಶ್ನೆ: ಎದೆ ಬಡಿತ ತಾಳ ತಪ್ಪಿ, ಶಾಕ್ ಕೊಟ್ಟು ಸರಿ ಮಾಡಿದ್ದಾರೆ. ಕಾಫಿ ಮುಟ್ಟಬೇಡ ಅಂದರು. ಕಾಫಿ ತೋಟದಲ್ಲೇ ಕೆಲಸ, ಬೆಳಗಾದರೆ ವಾಸನೆ. ಈಗ ಕಾಫಿ ಒಳ್ಳೆಯದು ಅಂತ ಬಂದಿದೆಯಂತೆ? (ಎಸ್ಟೇಟ್ ರೈಟರ್, ಮೂಡಿಗೆರೆ)

ಉತ್ತರ: ಬಂದಿದೆ, ಮತ್ತೆ ನಿಮ್ಮಂಥವರ ಮೇಲೆಯೇ ಮಾಡಿದ್ದಾರೆ! ಅಮೆರಿಕ, ಕೆನಡಾ, ಆಸ್ಟ್ರೇಲಿಯಾದಲ್ಲಿ ಏಟ್ರಿಯಲ್ ಫಿಬ್ರಿಲೇಶನ್‌ಗೆ, ಅಂದರೆ ಎದೆ ಬಡಿತ ತಾಳ ತಪ್ಪುವ ಕಾಯಿಲೆಗೆ, ಶಾಕ್ ಕೊಡಿಸಿಕೊಳ್ಳಲಿದ್ದ 200 ಕಾಫಿಪ್ರಿಯರು. ಅರ್ಧ ಜನಕ್ಕೆ ದಿನಕ್ಕೆ ಒಂದು ಕಪ್ಪಾದರೂ ಕುಡಿಯಿರಿ ಅಂದರು, ಅರ್ಧ ಜನಕ್ಕೆ ಪೂರ್ತಿ ಬಿಡಿ ಅಂದರು. ಆರು ತಿಂಗಳಲ್ಲಿ ಕಾಯಿಲೆ ಮರುಕಳಿಸಿದ್ದು ಕುಡಿದವರಲ್ಲಿ ನೂರಕ್ಕೆ 47, ಬಿಟ್ಟವರಲ್ಲಿ 64. 2025ರ ನವೆಂಬರಿನಲ್ಲಿ ಪ್ರಕಟವಾಯಿತು. 200 ಜನ ಸಣ್ಣ ಲೆಕ್ಕ. ಕಾಫಿ ಔಷಧಿ ಅಂತ ಹೇಳಲು ಸಾಲದು, ವಿಷ ಅಲ್ಲ ಅನ್ನಲು ಸಾಕು. ಈ ಕಟಿಂಗನ್ನು ನಿಮ್ಮ ಹಾರ್ಟ್ ಡಾಕ್ಟರಿಗೆ ತೋರಿಸಿ ಒಂದು ಲೋಟಕ್ಕೆ ಪರ್ಮಿಷನ್ ಕೇಳಿ. ರಕ್ತ ತೆಳು ಮಾಡುವ ಮಾತ್ರೆ ಕೊಟ್ಟಿದ್ದರೆ ಅದನ್ನು ಮಾತ್ರ ಒಂದು ದಿನವೂ ತಪ್ಪಿಸಬೇಡಿ.

ಪ್ರಶ್ನೆ: ಕಮ್ಮಿ ಸೋಡಿಯಂ ಉಪ್ಪು ತಿಂದರೆ ಲಕ್ವ ಬರುವುದಿಲ್ಲ ಅಂತ ಅಂಗಡಿಯವರು ಕೊಟ್ಟರು. ಬಿಪಿ ಇದೆ. ಕ್ರಿಯಾಟಿನಿನ್ 2.1 ಅಂತ ರಿಪೋರ್ಟ್ ಇದೆ. (ಟೈಲರಿಂಗ್ ಮಾಡುವವರು, ಚನ್ನರಾಯಪಟ್ಟಣ)

ಉತ್ತರ: ಅಮ್ಮಾ, ಆ ಪ್ಯಾಕೆಟ್ ಈವತ್ತೇ ಅಂಗಡಿಗೆ ವಾಪಸ್ ಕೊಡಿ. ಉಪ್ಪು ಕೆಟ್ಟದ್ದು ಅಂತಲ್ಲ. ಚೀನಾದ 600 ಹಳ್ಳಿಗಳಲ್ಲಿ ಸುಮಾರು 21,000 ಜನರ ಮೇಲೆ ಪರೀಕ್ಷೆ ಮಾಡಿ, 2021ರಲ್ಲಿ ಫಲಿತಾಂಶ ಕೊಟ್ಟಿದ್ದಾರೆ. ಅರ್ಧ ಹಳ್ಳಿಗಳಿಗೆ ಕಾಲು ಭಾಗ ಪೊಟ್ಯಾಸಿಯಂ ಕ್ಲೋರೈಡ್ ಬೆರೆಸಿದ ಉಪ್ಪು ಕೊಟ್ಟರು. ಲಕ್ವ ನೂರಕ್ಕೆ 14 ಪಾಲು ಕಮ್ಮಿ ಆಯಿತು. ಆದರೆ ಕಿಡ್ನಿ ತೀರಾ ಕೆಟ್ಟವರನ್ನು ಆ ಪರೀಕ್ಷೆಗೆ ಸೇರಿಸಿರಲಿಲ್ಲ. ನಿಮ್ಮ ರಿಪೋರ್ಟಿನ ಆ ಕ್ರಿಯಾಟಿನಿನ್ ಲೆಕ್ಕದ ಪ್ರಕಾರ ಕಿಡ್ನಿ ಸೋತಿದೆ. ಸೋತ ಕಿಡ್ನಿ ಪೊಟ್ಯಾಸಿಯಂ ಸರಿಯಾಗಿ ಹೊರಗೆ ಹಾಕುವುದಿಲ್ಲ. ಅದು ರಕ್ತದಲ್ಲಿ ಏರಿದರೆ ಹೃದಯ ನಿಲ್ಲಬಹುದು. ಬಿಪಿಯ ಕೆಲವು ಮಾತ್ರೆಗಳೂ ಪೊಟ್ಯಾಸಿಯಂ ಏರಿಸುತ್ತವೆ. ಮಾಮೂಲಿ ಉಪ್ಪನ್ನೇ ಕಮ್ಮಿ ಹಾಕಿ, ಉಪ್ಪಿನಕಾಯಿ ಹಪ್ಪಳ ದೂರ ಇಡಿ, ಕಿಡ್ನಿ ಡಾಕ್ಟರನ್ನು ನೋಡಿ. ಈ ಉತ್ತರ ಅಚ್ಚಾಗುವ ತನಕ ನೀವು ಕಾಯುವುದು ಬೇಡ ಅಂತ ನಿಮಗೆ ಅಂಚೆಯಲ್ಲೂ ಬರೆದಿದ್ದೇನೆ.

ಪ್ರಶ್ನೆ: ಯಜಮಾನರಿಗೆ ಟಿಬಿ. ಮಾತ್ರೆ ಶುರುವಾಗಿ ಮೂರು ವಾರ. ಅತ್ತೆ ಅವರ ತಟ್ಟೆ ಲೋಟ ಬೇರೆ ಮಾಡಿದ್ದಾರೆ. ಆರು ಮತ್ತು ಮೂರು ವರ್ಷದ ಮಕ್ಕಳಿದ್ದಾರೆ. ಅವರಿಗೆ ಬರದ ಹಾಗೆ ಏನಾದರೂ ಹೊಸ ಔಷಧಿ ಬಂದಿದೆಯಾ? (ಹೆಸರು ಬೇಡ ಎಂದಿದ್ದಾರೆ, ಚಿತ್ರದುರ್ಗ ಜಿಲ್ಲೆ)

ಉತ್ತರ: ತಾಯಿ, ತಟ್ಟೆಯಿಂದ ಟಿಬಿ ಬರುವುದಿಲ್ಲ. ಕೆಮ್ಮಿದ ಗಾಳಿಯಿಂದ ಬರುತ್ತದೆ. ತಟ್ಟೆ ಒಟ್ಟಿಗೇ ತೊಳೆಯಿರಿ, ಕಿಟಕಿ ತೆಗೆದಿಡಿ. ಕಫ ಪರೀಕ್ಷೆ ಚೆನ್ನಾಗಿದೆ ಅಂತ ಡಾಕ್ಟರು ಹೇಳುವ ತನಕ ಅವರು ಮುಖಕ್ಕೆ ಬಟ್ಟೆ ಕಟ್ಟಿಕೊಂಡು, ಮಕ್ಕಳಿಂದ ಬೇರೆ ಮಲಗಲಿ.

ಹೊಸ ಔಷಧಿ ಕೇಳಿದಿರಿ. ನನ್ನ ಹತ್ತಿರ ಇರುವ ಹೊಸ ಸುದ್ದಿ ಅಕ್ಕಿ ಬೇಳೆಯದು. ಮಂಗಳೂರಿನ ಯೇನೆಪೋಯ ಮೆಡಿಕಲ್ ಕಾಲೇಜಿನ ಡಾ. ಅನುರಾಗ್ ಭಾರ್ಗವ ಮತ್ತು ಡಾ. ಮಾಧವಿ ಭಾರ್ಗವ ಜಾರ್ಖಂಡಿನ ನಾಲ್ಕು ಜಿಲ್ಲೆಗಳಲ್ಲಿ ಒಂದು ಅಧ್ಯಯನ ನಡೆಸಿದರು. ಹೆಸರೇ ‘ರೇಷನ್ಸ್’. 2,800 ರೋಗಿಗಳು, ಅವರ ಮನೆಯ 10,345 ಜನ. ಎಲ್ಲಾ ರೋಗಿಗಳಿಗೂ ಮಾತ್ರೆಯ ಜೊತೆ ತಿಂಗಳಿಗೆ 10 ಕಿಲೋ ಆಹಾರದ ಚೀಲ: ಅಕ್ಕಿ, ಬೇಳೆ, ಹಾಲಿನ ಪುಡಿ, ಎಣ್ಣೆ. ಅರ್ಧ ಕಡೆ ಮನೆಯವರಿಗೂ ತಲಾ 5 ಕಿಲೋ ಅಕ್ಕಿ, ಒಂದೂವರೆ ಕಿಲೋ ಬೇಳೆ. ಉಳಿದ ಕಡೆ ರೋಗಿಗೆ ಮಾತ್ರ. ಮನೆಮಂದಿಗೂ ರೇಷನ್ ಸಿಕ್ಕ ಕಡೆ ಅವರಲ್ಲಿ ಹೊಸದಾಗಿ ಟಿಬಿ ಬಂದಿದ್ದು ನೂರಕ್ಕೆ 39 ಪಾಲು ಕಮ್ಮಿ. ಕಫದಲ್ಲಿ ರೋಗಾಣು ಸಿಕ್ಕ ಟಿಬಿ ಮಾತ್ರ ಲೆಕ್ಕ ಹಾಕಿದರೆ 48 ಪಾಲು. 2023ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಬಂತು. ಆ ರೋಗಿಗಳಲ್ಲಿ ಐದರಲ್ಲಿ ನಾಲ್ಕು ಜನ ಹೊಟ್ಟೆಗೆ ಸರಿಯಾಗಿ ಇಲ್ಲದೆ ಸೊರಗಿದವರು. ಮೊದಲ ಎರಡು ತಿಂಗಳಲ್ಲಿ ತೂಕ ನೂರಕ್ಕೆ 5ರಷ್ಟು ಏರಿದವರಲ್ಲಿ ಸಾವಿನ ಅಪಾಯ 61 ಪಾಲು ಕಮ್ಮಿ ಇತ್ತು.

ನಿಮ್ಮ ಯಜಮಾನರು 44 ಕಿಲೋ ಅಂತ ಬರೆದಿದ್ದೀರಿ. ಅವರಿಗೆ 5 ಪಾಲು ಅಂದರೆ ಎರಡು ಕಿಲೋ ಮೇಲೆ ಸ್ವಲ್ಪ. ಇನ್ನು ಐದು ವಾರ ಇದೆ. ನ್ಯಾಯಬೆಲೆ ಅಂಗಡಿಯ ಅಕ್ಕಿ ಜೊತೆ ಬೇಳೆ ಗಟ್ಟಿಯಾಗಿರಲಿ, ಕಡಲೆಬೀಜ, ದಿನಕ್ಕೆ ಒಂದೆರಡು ಮೊಟ್ಟೆ. ಟಿಬಿ ರೋಗಿಗೆ ಚಿಕಿತ್ಸೆ ಮುಗಿಯುವ ತನಕ ಸರ್ಕಾರ ತಿಂಗಳಿಗೆ 1,000 ರೂಪಾಯಿ ಅವರ ಖಾತೆಗೆ ಹಾಕುತ್ತದೆ. 2024ರ ನವೆಂಬರ್‌ಗೆ ಮುಂಚೆ ಅದು 500 ಇತ್ತು. ಬಂದಿಲ್ಲ ಅಂದರೆ ಆಶಾ ಕಾರ್ಯಕರ್ತೆಗೆ ಪಾಸ್‌ಬುಕ್ ತೋರಿಸಿ.

ಮಕ್ಕಳಿಬ್ಬರನ್ನೂ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಈ ವಾರ ಕರೆದುಕೊಂಡು ಹೋಗಿ. ಟಿಬಿ ಇಲ್ಲ ಅಂತ ಖಾತ್ರಿ ಆದ ಮೇಲೆ ಬರದ ಹಾಗೆ ತಡೆಯುವ ಮಾತ್ರೆ ಕೊಡುತ್ತಾರೆ, ಮೂರು ವರ್ಷದ ಮಗುವಿಗಂತೂ ತಪ್ಪಿಸಬಾರದು. ನಿಮ್ಮದೂ ಅತ್ತೆಯದೂ ಪರೀಕ್ಷೆ ಆಗಲಿ. ಕೊನೆಗೆ ಒಂದು ಮಾತು ಕೇಳಲೇಬೇಕು. ಮೊಟ್ಟೆ ತಂದ ದಿನ ಅವರಿಗೆ ಒಂದು, ಮಕ್ಕಳಿಗೆ ಒಂದೊಂದು ಅಂತ ಬರೆದಿದ್ದೀರಿ. ನಿಮ್ಮದು ಎಲ್ಲಿ? ಆ ರೇಷನ್ ಚೀಲದಲ್ಲಿ ರೋಗಿಯ ಹೆಂಡತಿಗೂ 5 ಕಿಲೋ ಅಕ್ಕಿ ಇತ್ತು.